ಕೌನ್ಸೆಲಿಂಗ್ ಸೆಂಟರ್‌ಗೆ ಹೋಗುವುದು ಹೇಗೆ: ಕೌಂಟರಿನಲ್ಲಿ ಕೂರುವವಳ ಮಾತು

ವಿಶ್ವವಿದ್ಯಾಲಯವೊಂದರ ಆಪ್ತ ಸಮಾಲೋಚನಾ ಕೇಂದ್ರದಲ್ಲಿ ಮುಂದಿನ ಕೌಂಟರ್ ನನ್ನದು. ನಾನು ಕೌನ್ಸೆಲರ್ ಅಲ್ಲ. ಫೋನ್ ಎತ್ತುವುದು, ಸಮಯ ಗೊತ್ತು ಮಾಡುವುದು, ಫಾರ್ಮ್ ಕೊಡುವುದು, ಒಳಗೆ ಸೆಷನ್ ನಡೆಯುವಾಗ ಯಾರೂ ಬಾಗಿಲು ತಟ್ಟದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿಗೆ ಬಂದ ಯಾರ ಕಥೆಯನ್ನೂ ಇಲ್ಲಿ ಬರೆಯುವುದಿಲ್ಲ, ಅದು ನನ್ನದಲ್ಲ. ಆದರೆ ನೋಟಿಸ್ ಬೋರ್ಡ್ ಓದುವ ನೆಪದಲ್ಲಿ ಬಾಗಿಲಿನವರೆಗೆ ಬಂದು ವಾಪಸ್ ಹೋಗುವವರನ್ನು ವರ್ಷಗಳಿಂದ ನೋಡಿದ್ದೇನೆ. ಅಂಥವರು ಕೊನೆಗೊಮ್ಮೆ ಒಳಗೆ ಬಂದಾಗ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ನಂದು ಅಂಥಾ ದೊಡ್ಡ ಪ್ರಾಬ್ಲಮ್ ಏನಲ್ಲ, ಆದ್ರೂ ಬರಬಹುದಾ?"

ಬರಬಹುದು. ದೊಡ್ಡದಾಗುವ ಮೊದಲೇ ಬಂದರೆ ಇನ್ನೂ ಒಳ್ಳೆಯದು. ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯಕ್ಕೆಂದೇ ಮೊದಲು ಸೇವೆ ತೆರೆದದ್ದು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ, 1910ರಲ್ಲಿ. ಓದಿನಲ್ಲಿ ಯಾವ ಕೊರತೆಯೂ ಇಲ್ಲದ ಹುಡುಗರು ಮನಸ್ಸಿನ ತೊಳಲಾಟದಿಂದಲೇ ಓದು ಬಿಟ್ಟು ಹೋಗುತ್ತಿದ್ದುದು ಅಲ್ಲಿನವರ ಕಣ್ಣಿಗೆ ಬಿದ್ದಿತ್ತು. ಅಂದರೆ ಈ ವ್ಯವಸ್ಥೆ ಹುಟ್ಟಿದ್ದೇ ಮೇಲ್ನೋಟಕ್ಕೆ ಸರಿಯಾಗಿಯೇ ಇರುವವರಿಗಾಗಿ. ರೂಮ್‌ಮೇಟ್ ಜೊತೆ ಮಾತು ಬಿಟ್ಟಿದೆ, ಗೈಡ್ ತಿಂಗಳುಗಟ್ಟಲೆ ಉತ್ತರಿಸುತ್ತಿಲ್ಲ, ತಪ್ಪು ಕೋರ್ಸ್ ಹಿಡಿದೆ ಅನ್ನಿಸುತ್ತಿದೆ, ಬ್ರೇಕಪ್ ಆಗಿದೆ, ಮನೆಯಲ್ಲಿ ಸಾವಾಗಿದೆ, ಕುಡಿತ ಮಿತಿ ಮೀರುತ್ತಿದೆ, ಅಥವಾ ಯಾವುದರಲ್ಲೂ ರುಚಿಯಿಲ್ಲ, ಕಾರಣವೂ ಗೊತ್ತಿಲ್ಲ. ಇವೆಲ್ಲ ಇಲ್ಲಿ ದಿನನಿತ್ಯದ ವಿಷಯಗಳೇ. ನಿಮ್ಮದು ಸಾಕಷ್ಟು ದೊಡ್ಡದೋ ಅಲ್ಲವೋ ಎಂದು ತೂಗಿ ನೋಡುವುದು ಒಳಗೆ ಕೂತವರ ಕೆಲಸ. ಅದನ್ನು ಹೊರಗೆ ಕಾರಿಡಾರಿನಲ್ಲಿ ನಿಂತು ನೀವೇ ಮಾಡಿಕೊಳ್ಳಬೇಡಿ.

ಮೊದಲ ಮೇಲ್

ಬಹಳಷ್ಟು ಮಂದಿ ಇಲ್ಲೇ ಎಡವುತ್ತಾರೆ. ಒಂದೋ ಬರೀ "ಅಪಾಯಿಂಟ್‌ಮೆಂಟ್ ಬೇಕು" ಎಂದಿರುತ್ತದೆ, ಇಲ್ಲವೇ ರಾತ್ರಿ ಎರಡಕ್ಕೆ ಕೂತು ಇಡೀ ಬದುಕನ್ನೇ ಬರೆದಿರುತ್ತಾರೆ. ಎರಡನೆಯ ಬಗೆಯ ಮೇಲ್ ಓದುವಾಗ ನನಗೇ ಸಂಕಟ. ಕಚೇರಿಯ ಮೇಲ್ ತೆರೆಯುವುದು ಕೌನ್ಸೆಲರ್ ಅಲ್ಲ, ನನ್ನಂಥವಳು. ಗೌಪ್ಯತೆಯ ಕಟ್ಟುಪಾಡು ನನಗೂ ಇದೆ, ನಿಜ. ಆದರೂ ನಿಮ್ಮ ಒಳಗಿನ ಮಾತನ್ನು ಅದನ್ನು ಕೇಳಲೆಂದೇ ಕೂತವರಿಗೆ ಉಳಿಸಿಕೊಳ್ಳಿ. ಇಷ್ಟು ಬರೆದರೆ ಸಾಕು:

"ನಾನು ಎರಡನೇ ವರ್ಷದ ವಿದ್ಯಾರ್ಥಿ. ಕೌನ್ಸೆಲರ್ ಜೊತೆ ಮಾತಾಡಬೇಕಿತ್ತು. ಸುಮಾರು ಒಂದು ತಿಂಗಳಿಂದ ನಿದ್ದೆ ಸರಿಯಿಲ್ಲ, ಕ್ಲಾಸ್ ತಪ್ಪುತ್ತಿದೆ. ಮಂಗಳವಾರ, ಗುರುವಾರ ಮಧ್ಯಾಹ್ನ ಬಿಡುವಿದೆ. ಮಹಿಳಾ ಕೌನ್ಸೆಲರ್ ಆದರೆ ಒಳ್ಳೆಯದು. ದಯವಿಟ್ಟು ಫೋನ್ ಮಾಡಬೇಡಿ, ಮೇಲ್‌ನಲ್ಲೇ ತಿಳಿಸಿ."

ಇದರಲ್ಲಿ ಪ್ರತಿ ಸಾಲಿಗೂ ಒಂದೊಂದು ಕೆಲಸವಿದೆ. ಎಷ್ಟು ದಿನದಿಂದ ಎಂಬುದೂ ಓದಿಗೆ ಪೆಟ್ಟು ಬಿದ್ದಿದೆ ಎಂಬುದೂ ತಿಳಿದರೆ ಯಾರನ್ನು ಮೊದಲು ಕರೆಯಬೇಕೆಂದು ನಿರ್ಧರಿಸುವುದು ಸುಲಭ. ಎರಡು ಬಿಡುವಿನ ವೇಳೆ ಹೇಳಿದರೆ ನಾಲ್ಕು ಮೇಲ್ ಉಳಿಯುತ್ತದೆ. ಗಂಡಸಾ, ಹೆಂಗಸಾ, ಯಾವ ಭಾಷೆಯಲ್ಲಿ ಮಾತಾಡಲು ಆರಾಮ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಪಾಠವನ್ನು ಇಂಗ್ಲಿಷ್‌ನಲ್ಲಿ ಕೇಳಬಹುದು, ಆದರೆ ಅಳು ಬರುವುದು ಮನೆಮಾತಿನಲ್ಲಿ. ಫೋನ್ ಬೇಡ ಎಂಬ ಸಾಲನ್ನಂತೂ ಹಾಸ್ಟೆಲ್‌ನಲ್ಲಿರುವವರು ಮರೆಯಲೇಬಾರದು. ನಾಲ್ವರಿರುವ ರೂಮಿನಲ್ಲಿ ಸ್ಪೀಕರ್ ಆನ್ ಆಗಿರುವಾಗ "ಕೌನ್ಸೆಲಿಂಗ್ ಸೆಂಟರ್‌ನಿಂದ ಮಾತಾಡ್ತಿದ್ದೀವಿ" ಎಂಬ ದನಿ ಕೇಳಿದರೆ ಏನಾಗುತ್ತದೆಂದು ನಿಮಗೇ ಗೊತ್ತು.

ಮನೋವಿಜ್ಞಾನ ವಿಭಾಗದ ಅಧ್ಯಾಪಕರೇ ಕೌನ್ಸೆಲಿಂಗ್ ಕೂಡ ಮಾಡುವ ಕಡೆ ಇನ್ನೊಂದು ಸಾಲು ಸೇರಿಸಿ: "ನನಗೆ ಪಾಠ ಮಾಡುವವರು, ಅಂಕ ಕೊಡುವವರು ಬೇಡ." ಇದು ನಿಮ್ಮ ಹಟವಲ್ಲ. ಒಂದೇ ವ್ಯಕ್ತಿಯ ಜೊತೆ ಇಂಥ ಎರಡೆರಡು ನಂಟು ಇರಬಾರದೆಂಬುದು ಆ ವೃತ್ತಿಯದೇ ನಿಯಮ.

ವೇಳೆಯ ವಿಷಯಕ್ಕೆ ಬಂದರೆ, ಸೆಮಿಸ್ಟರ್ ಶುರುವಿನಲ್ಲಿ ನನ್ನ ಡೈರಿ ಖಾಲಿ ಹೊಡೆಯುತ್ತಿರುತ್ತದೆ. ಪರೀಕ್ಷೆ ಹತ್ತಿರವಾದಂತೆ ಎರಡು ಮೂರು ವಾರ ಕಾಯಬೇಕಾಗುತ್ತದೆ. ಕಾಯುವುದು ಕಷ್ಟವೆನಿಸಿದರೆ ರದ್ದಾದ ಸಮಯ ಸಿಕ್ಕರೆ ಕೊಡುವಂತೆ ಕೇಳಿ. ಪ್ರತಿದಿನ ಯಾರಾದರೊಬ್ಬರು ಬರುವುದಿಲ್ಲ, ಆ ಜಾಗ ಹತ್ತು ನಿಮಿಷದಲ್ಲಿ ಓಡಿ ಬರಬಲ್ಲವರಿಗೆ ಹೋಗುತ್ತದೆ. ಕಾಯುವುದು ಸಾಧ್ಯವೇ ಇಲ್ಲ, ಜೀವ ಬೇಡ ಅನ್ನಿಸುತ್ತಿದೆ ಎಂದಾದರೆ ಮೇಲ್ ಬರೆಯುತ್ತ ಕೂರಬೇಡಿ. ಎದ್ದು ಬಂದು ಕೌಂಟರಿನಲ್ಲಿ "ನನಗೆ ಇವತ್ತೇ ಯಾರಾದರೂ ಬೇಕು" ಎನ್ನಿ. ಕಾರಣ ಹೇಳಬೇಕಾಗಿಲ್ಲ. ಆ ವಾಕ್ಯ ಕೇಳಿದರೆ ಕ್ಯೂ ಮುರಿದು ಒಳಗೆ ಕಳಿಸುವುದು ನಮ್ಮ ಕ್ರಮ, ಒಳ್ಳೆಯ ಕೇಂದ್ರಗಳೆಲ್ಲದರ ಕ್ರಮವೂ ಅದೇ.

ಒಂಬತ್ತು ಪ್ರಶ್ನೆಯ ಹಾಳೆ

ಬಂದ ಕೂಡಲೇ ನಿಮ್ಮ ಕೈಗೊಂದು ಕ್ಲಿಪ್‌ಬೋರ್ಡ್ ಬರುತ್ತದೆ. ಹೆಸರು, ವಿಭಾಗ, ತುರ್ತಿಗೆ ಸಂಪರ್ಕಿಸಬೇಕಾದವರು, ಒಪ್ಪಿಗೆ ಪತ್ರ. ಅದರ ಕೆಳಗೆ ಸಾಮಾನ್ಯವಾಗಿ ಎರಡು ಹಾಳೆ ಇರುತ್ತವೆ. ಒಂದು ಪಿಎಚ್‌ಕ್ಯೂ-9, ಖಿನ್ನತೆಯ ಲಕ್ಷಣಗಳ ಬಗ್ಗೆ ಒಂಬತ್ತು ಪ್ರಶ್ನೆ. ಇನ್ನೊಂದು ಜಿಎಡಿ-7, ಆತಂಕದ ಬಗ್ಗೆ ಏಳು. ಎರಡೂ ಕೇಳುವುದು ಕಳೆದ ಎರಡು ವಾರಗಳ ಬಗ್ಗೆ ಮಾತ್ರ. "ಒಮ್ಮೆಯೂ ಇಲ್ಲ" ಎಂದರೆ 0, "ಹೆಚ್ಚುಕಮ್ಮಿ ಪ್ರತಿದಿನ" ಎಂದರೆ 3. ಮೊದಲನೆಯದರ ಮೊತ್ತ ಗರಿಷ್ಠ 27, ಎರಡನೆಯದರದ್ದು 21. ಎರಡರಲ್ಲಿ ಯಾವುದರಲ್ಲೇ ಆಗಲಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕೌನ್ಸೆಲರ್ ಸ್ವಲ್ಪ ಆಳಕ್ಕೆ ಇಳಿದು ಕೇಳುತ್ತಾರೆ.

ಇದು ಪರೀಕ್ಷೆ ಎಂದುಕೊಂಡು ಬರೆಯುವವರು ಬಹಳ. ಪೆನ್ ಹಿಡಿದು "ಎಷ್ಟು ಬಂದ್ರೆ ನಾರ್ಮಲ್?" ಎಂದು ನನ್ನನ್ನೇ ಕೇಳುತ್ತಾರೆ. ಕೆಲವರು ಎಲ್ಲದಕ್ಕೂ ಸೊನ್ನೆ ಹಾಕಿ ಕೊಡುತ್ತಾರೆ, ಕಾಗದದ ಮೇಲೆ ಅವರಷ್ಟು ಸುಖಿಗಳು ಲೋಕದಲ್ಲಿಲ್ಲ. ಅಂಕ ಹೆಚ್ಚು ಬಂದರೆ ರೋಗ ಖಚಿತ ಎಂದಲ್ಲ, ಕಡಿಮೆ ಬಂದರೆ ವಾಪಸ್ ಕಳಿಸುತ್ತಾರೆ ಎಂದೂ ಅಲ್ಲ. ಅದು ಮಾತು ಎಲ್ಲಿಂದ ಶುರು ಮಾಡಬೇಕೆಂದು ತೋರಿಸುವ ಹಾಳೆ. ಆರು ವಾರ ಬಿಟ್ಟು ಅದೇ ಹಾಳೆ ಮತ್ತೆ ತುಂಬಿಸಿದಾಗ ಎಷ್ಟು ಇಳಿದಿದೆ ಎಂದು ನೋಡುವುದಕ್ಕೂ ಬರುತ್ತದೆ, ಮೊದಲ ದಿನ ಸುಳ್ಳು ಬರೆದಿದ್ದರೆ ಆ ಲೆಕ್ಕ ಸಿಗುವುದಿಲ್ಲ.

ಒಂಬತ್ತನೆಯ ಪ್ರಶ್ನೆಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಸತ್ತರೆ ಚೆನ್ನಾಗಿತ್ತು ಎಂದಾಗಲಿ, ತನಗೇ ನೋವು ಮಾಡಿಕೊಳ್ಳಬೇಕು ಎಂದಾಗಲಿ ಅನ್ನಿಸಿದೆಯೇ ಎಂದು ಅದು ಕೇಳುತ್ತದೆ. ಅದಕ್ಕೆ 1 ಹಾಕಿದರೂ ಆ ದಿನವೇ ನಿಮ್ಮನ್ನು ಅದರ ಬಗ್ಗೆ ಕೇಳುತ್ತಾರೆ. ಹಾಗೆಂದು ಕೂಡಲೇ ಮನೆಗೆ ಫೋನ್ ಹೋಗುವುದಿಲ್ಲ, ಆಂಬುಲೆನ್ಸ್ ಬರುವುದಿಲ್ಲ. ಯೋಚನೆ ಬಂದು ಹೋಗುವುದು ಬೇರೆ, ಅದಕ್ಕೆ ಸಿದ್ಧತೆ ನಡೆದಿರುವುದು ಬೇರೆ. ಇವೆರಡರಲ್ಲಿ ಯಾವುದು ಎಂದು ತಿಳಿಯುವುದೇ ಆ ಮಾತುಕತೆಯ ಉದ್ದೇಶ. ಆಮೇಲೆ ಅಂಥ ಗಳಿಗೆ ಮತ್ತೆ ಬಂದರೆ ಮೊದಲು ಏನು ಮಾಡುತ್ತೀರಿ, ಯಾರಿಗೆ ಹೇಳುತ್ತೀರಿ, ಎಲ್ಲಿಗೆ ಹೋಗುತ್ತೀರಿ ಎಂದು ನಿಮ್ಮ ಜೊತೆ ಕೂತೇ ಒಂದು ಹಾಳೆಯಲ್ಲಿ ಬರೆಯುತ್ತಾರೆ.

ಒಳಗೆ

ಒಂದು ಸೆಷನ್ 45ರಿಂದ 50 ನಿಮಿಷ. ಗಂಟೆಯಲ್ಲಿ ಉಳಿದ ಹತ್ತು ಹದಿನೈದು ನಿಮಿಷ ಅವರು ಟಿಪ್ಪಣಿ ಬರೆದು ಮುಂದಿನವರಿಗೆ ಸಿದ್ಧರಾಗುವ ಹೊತ್ತು. ಹಾಗಾಗಿ ಹದಿನೈದು ನಿಮಿಷ ತಡವಾಗಿ ಹೋದರೆ ಆ ಹದಿನೈದು ನಿಮಿಷ ನಿಮ್ಮದೇ ಲೆಕ್ಕಕ್ಕೆ.

ಮೊದಲ ಸಲ ಹೆಚ್ಚಾಗಿ ಪ್ರಶ್ನೆಗಳೇ ಇರುತ್ತವೆ: ಯಾವಾಗಿಂದ, ಮನೆಯಲ್ಲಿ ಯಾರಿದ್ದಾರೆ, ನಿದ್ದೆ ಹೇಗೆ, ಹಿಂದೆ ಯಾರನ್ನಾದರೂ ಕಂಡಿದ್ದೀರಾ. ಇದು ತನಿಖೆಯಂತೆ ಕಂಡರೆ ಬೇಜಾರಾಗಬೇಡಿ, ಎರಡನೆಯ ಸಲದಿಂದ ಧಾಟಿ ಬದಲಾಗುತ್ತದೆ. "ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗ್ತಿಲ್ಲ" ಎಂಬುದೂ ಒಳ್ಳೆಯ ಶುರುವೇ. ಅಳು ಬಂದರೆ ಅತ್ತುಬಿಡಿ, ಟಿಶ್ಯೂ ಡಬ್ಬಿ ತುಂಬಿಸಿಡುವುದೂ ನನ್ನ ಕೆಲಸಗಳಲ್ಲೊಂದು. ಕೌನ್ಸೆಲರ್ ಸುಮ್ಮನೆ ಕೂತರೆ ಅವರಿಗೆ ಬೋರ್ ಆಗಿದೆ ಎಂದಲ್ಲ, ಮಾತು ಹುಡುಕಿಕೊಳ್ಳಲು ನಿಮಗೆ ಸಮಯ ಕೊಡುತ್ತಿದ್ದಾರೆ.

ನಾನು ಎಲ್ಲರಿಗೂ ಹೇಳುವ ಉಪಾಯವೊಂದಿದೆ. ಹೇಳಲು ಅತಿ ಕಷ್ಟವಾದ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಬಾಯಿ ಬಾರದಿದ್ದರೆ ಚೀಟಿ ಕೊಟ್ಟುಬಿಡಿ. ನಲವತ್ತು ನಿಮಿಷ ಇಂಟರ್ನಲ್ಸ್, ಹಾಜರಾತಿ ಎಂದೆಲ್ಲ ಮಾತಾಡಿ, ಎದ್ದು ಬಾಗಿಲ ಹಿಡಿಗೆ ಕೈ ಹಾಕಿ "ಅಂದಹಾಗೆ ಇನ್ನೊಂದು ವಿಷಯ" ಎಂದು ನಿಜವಾದದ್ದನ್ನು ಹೇಳುವುದು ಎಲ್ಲ ದೇಶದ ಕೌನ್ಸೆಲರ್‌ಗಳೂ ಕಂಡಿರುವ ಸಂಗತಿ. ಆ ಮಾತು ಮೊದಲ ಹತ್ತು ನಿಮಿಷದಲ್ಲೇ ಬಂದರೆ ಉಳಿದ ನಲವತ್ತು ನಿಮಿಷ ನಿಮ್ಮದಾಗುತ್ತದೆ.

ನೀವೂ ಪ್ರಶ್ನೆ ಕೇಳಿ. ಒಟ್ಟು ಎಷ್ಟು ಸೆಷನ್ ಸಿಗುತ್ತದೆ? ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಮಿತಿ ಇರುತ್ತದೆ, ಅದು ಮೊದಲೇ ಗೊತ್ತಿದ್ದರೆ ಯಾವುದನ್ನು ಮೊದಲು ಹಿಡಿಯಬೇಕೆಂದು ಇಬ್ಬರೂ ಸೇರಿ ತೀರ್ಮಾನಿಸಬಹುದು. ನೀವು ಏನು ಓದಿದ್ದೀರಿ, ಯಾವ ವಿಧಾನದಲ್ಲಿ ಕೆಲಸ ಮಾಡುತ್ತೀರಿ ಎಂದೂ ಕೇಳಬಹುದು. ಸರಿಯಾಗಿ ತರಬೇತಾದವರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೆ ಅದೂ ಒಂದು ಉತ್ತರವೇ.

ಎರಡು ಮೂರು ಸಲ ಹೋದ ಮೇಲೂ ಕೂಡಿಬರಲಿಲ್ಲ ಎನ್ನಿಸಿದರೆ ಬದಲಾಯಿಸಿಕೊಳ್ಳಿ. ಎಡ್ವರ್ಡ್ ಬೋರ್ಡಿನ್ ಎಂಬ ಮನಃಶಾಸ್ತ್ರಜ್ಞ 1979ರಲ್ಲಿ ಬರೆದ ಒಂದು ಲೇಖನ ಈ ಕ್ಷೇತ್ರದಲ್ಲಿ ಈಗಲೂ ಚಾಲ್ತಿಯಲ್ಲಿದೆ. ಏನು ಸಾಧಿಸಬೇಕು ಎಂಬುದರಲ್ಲಿ ಒಮ್ಮತ, ಅದಕ್ಕೆ ಏನೇನು ಮಾಡಬೇಕು ಎಂಬುದರಲ್ಲಿ ಒಮ್ಮತ, ಇಬ್ಬರ ನಡುವೆ ನಂಬಿಕೆ: ಈ ಮೂರೂ ಇದ್ದರೆ ಕೆಲಸ ಸಾಗುತ್ತದೆ ಎಂದು ಅವರು ಹೇಳಿದರು. ಆಮೇಲಿನ ಸಂಶೋಧನೆಗಳೂ ಫಲಿತಾಂಶಕ್ಕೂ ಈ ನಂಟಿಗೂ ಸಂಬಂಧವಿದೆ ಎಂದೇ ತೋರಿಸಿವೆ. ಆದ್ದರಿಂದ ಬದಲಾವಣೆ ಕೇಳುವುದು ಯಾರಿಗೂ ಅವಮಾನವಲ್ಲ. ಅವರ ಮುಖ ನೋಡಿ ಹೇಳಲಾಗದಿದ್ದರೆ ಕೌಂಟರಿನಲ್ಲಿ ಹೇಳಿ. "ಬೇರೆಯವರ ಹತ್ತಿರ ಸಮಯ ಕೊಡ್ತೀರಾ?" ಎಂದರೆ ನಾನು ಡೈರಿಯ ಪುಟ ತಿರುಗಿಸುತ್ತೇನೆ ಅಷ್ಟೆ. ಒಂದು ಎಚ್ಚರಿಕೆ ಮಾತ್ರ: ಕಷ್ಟದ ಪ್ರಶ್ನೆ ಕೇಳಿದರು ಎಂಬ ಒಂದೇ ಕಾರಣಕ್ಕೆ ಬದಲಾಯಿಸುತ್ತಿದ್ದೀರಾ ಎಂದು ಒಂದು ರಾತ್ರಿ ಯೋಚಿಸಿ ನೋಡಿ.

ಗುಟ್ಟು ಎಲ್ಲಿಯವರೆಗೆ

ಬಹುತೇಕ ಎಲ್ಲವೂ ಗುಟ್ಟಾಗಿಯೇ ಉಳಿಯುತ್ತದೆ. ಅಪ್ಪ ಅಮ್ಮ ಫೋನ್ ಮಾಡಿ "ನಮ್ಮ ಮಗಳು ಬರ್ತಾಳಾ ಅಲ್ಲಿಗೆ?" ಎಂದರೆ, ಬರುವವರ ಬಗೆಗಾಗಲಿ ಬಾರದವರ ಬಗೆಗಾಗಲಿ ಹೇಳುವಂತಿಲ್ಲ ಎಂಬುದೊಂದೇ ನನ್ನ ಉತ್ತರ. ವಿಭಾಗದ ಮುಖ್ಯಸ್ಥರು ಕೇಳಿದರೂ ಅಷ್ಟೇ. ಕಾರಿಡಾರಿನಲ್ಲಿ ಎದುರಾದಾಗ ಕೌನ್ಸೆಲರ್ ನಿಮ್ಮನ್ನು ನೋಡದವರಂತೆ ನಡೆದುಹೋಗಬಹುದು. ಅದು ಸೊಕ್ಕಲ್ಲ. "ಇವರು ನಿಂಗೆ ಹೇಗೆ ಪರಿಚಯ?" ಎಂದು ಪಕ್ಕದ ಗೆಳೆಯ ಕೇಳದಿರಲಿ ಎಂಬ ಮುಂಜಾಗ್ರತೆ. ನೀವು ಮಾತಾಡಿಸಿದರೆ ಮಾತಾಡಿಸುತ್ತಾರೆ.

ಗುಟ್ಟಿಗೂ ಒಂದು ಗಡಿ ಇದೆ. ಆ ಗಡಿಯನ್ನು ಗುರುತಿಸಿದ ಹೆಸರಾಂತ ಪ್ರಕರಣ ವಿಶ್ವವಿದ್ಯಾಲಯವೊಂದರಿಂದಲೇ ಬಂದದ್ದು. 1969ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ವಿದ್ಯಾರ್ಥಿಯೊಬ್ಬ ಒಬ್ಬ ಯುವತಿಯನ್ನು ಕೊಲ್ಲುವ ಯೋಚನೆಯನ್ನು ತನ್ನ ಮನಃಶಾಸ್ತ್ರಜ್ಞರ ಬಳಿ ಹೇಳಿಕೊಂಡ. ಅವರು ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು, ಪೊಲೀಸರು ವಿಚಾರಿಸಿ ಬಿಟ್ಟು ಕಳಿಸಿದರು. ಯುವತಿಯನ್ನು ಮಾತ್ರ ಯಾರೂ ಎಚ್ಚರಿಸಲಿಲ್ಲ, ಆಕೆಯ ಕೊಲೆಯಾಯಿತು. ತಾರಾಸಾಫ್ ಪ್ರಕರಣ ಎಂದೇ ಹೆಸರಾದ ಅದರಲ್ಲಿ 1976ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಅಪಾಯದಲ್ಲಿರುವ ವ್ಯಕ್ತಿಯನ್ನು ಕಾಪಾಡಲು ತಕ್ಕ ಕ್ರಮ ಕೈಗೊಳ್ಳುವುದೂ ಚಿಕಿತ್ಸಕರ ಹೊಣೆ ಎಂದಿತು. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ರೀತಿ ಇದ್ದರೂ ನೀವು ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ ಸಾಮಾನ್ಯವಾಗಿ ಕಾಣುವ ಹೊರತುಗಳು ಇವೇ: ನಿಮ್ಮ ಪ್ರಾಣಕ್ಕೆ ತಕ್ಷಣದ ಅಪಾಯ, ಇನ್ನೊಬ್ಬರ ಪ್ರಾಣಕ್ಕೆ ಅಪಾಯ, ಮಕ್ಕಳ ಮೇಲಿನ ದೌರ್ಜನ್ಯ, ಕೋರ್ಟಿನ ಆದೇಶ. ಆ ಪತ್ರವನ್ನು ಓದದೆ ಸಹಿ ಹಾಕಬೇಡಿ. ಟಿಪ್ಪಣಿಗಳನ್ನು ಎಲ್ಲಿಡುತ್ತಾರೆ, ಎಷ್ಟು ವರ್ಷ, ಯಾರು ನೋಡಬಹುದು ಎಂದೂ ಕೇಳಿ.

ವಾರ್ಡನ್, ಮೆಂಟರ್ ಟೀಚರ್, ಗೈಡ್ ಒಳ್ಳೆಯವರೇ ಇರಬಹುದು. ಆದರೆ ಕೌನ್ಸೆಲರ್‌ಗಿರುವ ಗೌಪ್ಯತೆಯ ಕಟ್ಟುಪಾಡು ಅವರಿಗಿಲ್ಲ, ಕೆಲವು ವಿಷಯಗಳನ್ನು ಅವರು ಮೇಲಿನವರಿಗೆ ವರದಿ ಮಾಡಲೇಬೇಕಾಗುತ್ತದೆ. ಹೇಳುವ ಮೊದಲು "ಇದು ನಿಮ್ಮಲ್ಲೇ ಉಳಿಯುತ್ತಾ?" ಎಂದು ಕೇಳಿಕೊಳ್ಳಿ. ಲೈಂಗಿಕ ಕಿರುಕುಳದ ವಿಷಯದಲ್ಲಿ ಇದು ಉಲ್ಟಾ ಕೂಡ ಆಗುತ್ತದೆ. ಕೌನ್ಸೆಲರ್‌ಗೆ ಹೇಳಿದ ಮಾತ್ರಕ್ಕೆ ದೂರು ದಾಖಲಾಗುವುದಿಲ್ಲ. ದೂರು ಸಮಿತಿ ಬೇರೆ, ಅದರ ಗಡುವು ಬೇರೆ. ಎರಡೂ ಬೇಕಾದರೆ ಎರಡೂ ಕಡೆ ಹೋಗಬೇಕು. ದೂರು ಕೊಡುವುದೋ ಬೇಡವೋ ಎಂದು ತೀರ್ಮಾನಿಸಲು ಕೌನ್ಸೆಲರ್ ಜೊತೆಗಿರುತ್ತಾರೆ.

ಇಲ್ಲಿ ಸಿಗದವು

ಕೌನ್ಸೆಲರ್ ಮಾತ್ರೆ ಬರೆಯುವುದಿಲ್ಲ, ಅದು ಮನೋವೈದ್ಯರ ಕೆಲಸ. ಅವರ ಬಳಿ ಹೋಗಿ ಎಂದರೆ ನಿಮ್ಮನ್ನು ಸಾಗಹಾಕಿದರು ಎಂದಲ್ಲ. ಖಿನ್ನತೆಯ ಮಾತ್ರೆಗಳ ಪರಿಣಾಮ ಕಾಣಲು ಕೆಲವು ವಾರ ಬೇಕು, ಒಂದೇ ವಾರಕ್ಕೆ "ಏನೂ ಆಗ್ಲಿಲ್ಲ" ಎಂದು ಬಿಡುವುದೂ, ಚೆನ್ನಾಗಿದೆ ಎನ್ನಿಸಿದ ದಿನ ತಾನಾಗಿಯೇ ನಿಲ್ಲಿಸುವುದೂ ಎರಡೂ ತಪ್ಪು.

ಹಾಜರಾತಿ ಸರಿ ಮಾಡುವ ಅಧಿಕಾರವೂ ಇಲ್ಲಿಲ್ಲ. ಪತ್ರ ಕೊಡಬಹುದು, ಸಾಮಾನ್ಯವಾಗಿ ಅದರಲ್ಲಿ "ಇಂಥ ದಿನಾಂಕದಿಂದ ಕೇಂದ್ರಕ್ಕೆ ಬರುತ್ತಿದ್ದಾರೆ" ಎಂದಷ್ಟೇ ಇರುತ್ತದೆ. ಪರೀಕ್ಷೆಯ ಹಿಂದಿನ ದಿನ ಸಂಜೆ ಮೊದಲ ಸಲ ಬಂದು "ಡಿಪ್ರೆಶನ್ ಇದೆ ಅಂತ ಬರೆದುಕೊಡಿ" ಎಂದರೆ ಯಾರೂ ಬರೆಯಲಾರರು. ಕಲಿಕೆಯ ತೊಂದರೆ, ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ತೊಂದರೆ), ದೀರ್ಘಕಾಲದ ಕಾಯಿಲೆ ಇದ್ದು ಪರೀಕ್ಷೆಗೆ ಹೆಚ್ಚುವರಿ ಸಮಯ ಬೇಕಿದ್ದರೆ ಅಂಗವಿಕಲರ ಸೇವಾ ವಿಭಾಗಕ್ಕೆ ಸೆಮಿಸ್ಟರ್ ಶುರುವಿನಲ್ಲೇ ಅರ್ಜಿ ಹಾಕಿ. ಫೀಸಿನ ಕಷ್ಟಕ್ಕೆ ವಿದ್ಯಾರ್ಥಿ ಕಲ್ಯಾಣ ಕಚೇರಿ. ಯಾವ ಕಚೇರಿ ಯಾವುದಕ್ಕೆ ಎಂದು ತಿಳಿಯದಿದ್ದರೆ ಕೌಂಟರಿನಲ್ಲಿ ಕೇಳಿ, ದಿನದಲ್ಲಿ ಅರ್ಧ ಹೊತ್ತು ನಾನು ಮಾಡುವುದು ಅದನ್ನೇ.

ಆನ್‌ಲೈನ್ ಸೆಷನ್ ಆದರೆ ಹೆಡ್‌ಫೋನ್ ಹಾಕಿಕೊಳ್ಳಿ, ಬಾಗಿಲು ಹಾಕಿಕೊಳ್ಳುವ ಜಾಗ ಮೊದಲೇ ಹುಡುಕಿಕೊಳ್ಳಿ. ರೂಮಿನಲ್ಲಿ ಅಸಾಧ್ಯವಾದರೆ ಕೇಂದ್ರದಲ್ಲೇ ಖಾಲಿ ಕೊಠಡಿ ಇದೆಯೇ ಎಂದು ಕೇಳಬಹುದು. ರಜೆಯಲ್ಲಿ ಬೇರೆ ರಾಜ್ಯಕ್ಕೋ ದೇಶಕ್ಕೋ ಹೋಗುವವರಿದ್ದರೆ ಮೊದಲೇ ಹೇಳಿ. ಪರವಾನಗಿ ನಿಯಮಗಳಿಂದಾಗಿ ಕೆಲವೆಡೆ ಗಡಿಯಾಚೆ ಸೆಷನ್ ಮುಂದುವರಿಸಲು ಆಗುವುದಿಲ್ಲ.

ಗೆಳೆಯರಿಗಾಗಿ ಬರುವವರಿಗೆ

"ನನ್ನ ಫ್ರೆಂಡ್‌ಗೆ ಹುಷಾರಿಲ್ಲ, ಅವನು ಬರಲ್ಲ ಅಂತಾನೆ" ಎಂದು ಬರುವವರಿದ್ದಾರೆ. ನೀವೇ ಒಂದು ಸೆಷನ್ ತೆಗೆದುಕೊಂಡು ಹೇಗೆ ಮಾತಾಡಬೇಕೆಂದು ಕೇಳಿಕೊಂಡು ಹೋಗಬಹುದು. ಅವನ ಬದಲು ಅವನ ಹೆಸರಿನಲ್ಲಿ ಸಮಯ ಗೊತ್ತು ಮಾಡಬೇಡಿ, ಅವನು ಬರುವುದಿಲ್ಲ. ಪಕ್ಕದಲ್ಲಿ ಕೂತು ಅವನ ಕೈಯಲ್ಲೇ ಮೇಲ್ ಬರೆಸಿ, ಬಾಗಿಲವರೆಗೆ ಜೊತೆಗೆ ಬನ್ನಿ.

ಸಾಯುವ ಮಾತಾಡುತ್ತಿದ್ದರೆ ನೇರವಾಗಿ ಕೇಳಿ: "ಆತ್ಮಹತ್ಯೆ ಮಾಡಿಕೊಳ್ಳೋ ಯೋಚನೆ ಇದೆಯಾ?" ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂಬುದು ತಪ್ಪು ಕಲ್ಪನೆ, ಕೇಳಿದರೆ ಎದೆಯ ಭಾರ ಇಳಿಯುವುದೇ ಹೆಚ್ಚು. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಕೇಂದ್ರ ತೆರೆದಿದ್ದರೆ ಕರೆತನ್ನಿ, ರಾತ್ರಿಯಾದರೆ ಆಸ್ಪತ್ರೆಯ ತುರ್ತು ವಿಭಾಗ. ನೀವಿರುವ ಜಾಗದ ತುರ್ತು ಸಂಖ್ಯೆ, ಸಹಾಯವಾಣಿ, ಹಾಸ್ಟೆಲ್‌ನ ರಾತ್ರಿ ಪಾಳಿಯವರ ನಂಬರ್ ಮೂರನ್ನೂ ಇವತ್ತೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. "ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡು" ಎಂದು ಕೇಳಿದರೆ ಆ ಮಾತು ಕೊಡಬೇಡಿ.

ತಪ್ಪಿದ ಅಪಾಯಿಂಟ್‌ಮೆಂಟ್

ಇದು ಚಿಕ್ಕ ವಿಷಯ. ಆದರೆ ಎಷ್ಟೋ ಮಂದಿ ನಿಂತುಹೋಗುವುದು ಇಲ್ಲೇ. ಒಂದು ದಿನ ಮಲಗಿಬಿಟ್ಟರು, ಅಥವಾ ಹೋಗಲು ಮನಸ್ಸಾಗಲಿಲ್ಲ. ಆಮೇಲೆ ಯಾವ ಮುಖ ಹೊತ್ತು ಹೋಗುವುದು ಎಂದು ಮೂರು ತಿಂಗಳು ಈ ಕಡೆ ತಲೆ ಹಾಕುವುದಿಲ್ಲ. ಬರಲಾಗದಿದ್ದರೆ ಹಿಂದಿನ ದಿನ ತಿಳಿಸಿ, ಆ ಜಾಗ ಇನ್ನೊಬ್ಬರಿಗೆ ಸಿಗುತ್ತದೆ. ತಿಳಿಸದೆ ತಪ್ಪಿಸಿಕೊಂಡಿದ್ದರೂ ಫೋನ್ ಮಾಡಿ: "ಹೋದ ವಾರ ಬರೋಕಾಗಲಿಲ್ಲ, ಇನ್ನೊಂದು ಸಮಯ ಬೇಕು." ಹೋದ ವರ್ಷ ಬಂದು ಅರ್ಧಕ್ಕೆ ಬಿಟ್ಟಿದ್ದರೂ ಇದೇ ವಾಕ್ಯ ಸಾಕು. ನಿಮ್ಮ ಫೈಲ್ ಕಪಾಟಿನಲ್ಲೇ ಇರುತ್ತದೆ. ಹಳೆಯ ಕೌನ್ಸೆಲರ್ ಬೇಕೋ ಹೊಸಬರೋ ಎಂದಷ್ಟೇ ಕೇಳುತ್ತೇನೆ.